ಸತ್ತ ಹಲ್ಲಿನ ಬೇರಿನಲ್ಲಿ ಕರಗಿದ್ದು

ಜ್ವರ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಹಗುರವಾಗಿ ಆಡುವುದಿಲ್ಲ. ಬೇರೆಯವರ ಮನೆಯಲ್ಲಾದರೆ ಗಂಜಿ, ಉಪ್ಪಿನಕಾಯಿ, ಒಂದು ಮಾತ್ರೆ, ಹೊದ್ದು ಮಲಗುವುದು, ಅಷ್ಟೇ. ನನಗೆ ಮೈ ಸ್ವಲ್ಪ ಬಿಸಿಯಾದರೂ ಸಾಕು, ಕಾಪುವಿನಲ್ಲಿರುವ ಅಮ್ಮ ಬಸ್ಸು ಹತ್ತಿ ಹಿರಿಯಡ್ಕದ ನಮ್ಮ ಮನೆಗೆ ಬಂದುಬಿಡುತ್ತಾಳೆ. ಕುವೈತಿನಲ್ಲಿರುವ ಗಂಡ ಮತ್ತೆ ಮತ್ತೆ ಫೋನು ಮಾಡಿ ಥರ್ಮಾಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಕೇಳುತ್ತಾರೆ. ಕಾರಣ, ನನ್ನ ಎದೆಯೊಳಗಿರುವುದು ಹುಟ್ಟುವಾಗ ಬಂದ ಕವಾಟವಲ್ಲ. ಚಿಕ್ಕವಳಿದ್ದಾಗ ಗಂಟಲುನೋವಿನ ಬೆನ್ನಿಗೇ ಬಂದ ಕೀಲುಜ್ವರ ಹೃದಯದ ಕವಾಟವನ್ನು ಹಾಳು ಮಾಡಿತು. ಡಿಗ್ರಿ ಓದುವಾಗ ಅದನ್ನು ತೆಗೆದು ಲೋಹದ್ದು ಹಾಕಿದರು.

ಆ ಕವಾಟ ಟಿಕ್ ಟಿಕ್ ಎನ್ನುತ್ತದೆ. ಕಾರ್ಕಳದ ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಬರೆಯುವಾಗ ಮುಂದಿನ ಬೆಂಚಿನವರು ನನ್ನ ಕೈಗಡಿಯಾರ ಎಲ್ಲಿದೆ ಎಂದು ಹುಡುಕುವುದುಂಟು. ಅದರ ತಮಾಷೆ ಅಷ್ಟಕ್ಕೇ ಮುಗಿಯಿತು. ಉಳಿದದ್ದೆಲ್ಲ ಹೆದರಿಕೆ. ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಂತೆ ದಿನವೂ ರಕ್ತ ತೆಳುವಾಗುವ ಮಾತ್ರೆ ತಿನ್ನಬೇಕು. ತಿಂದರೆ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಇನ್ನೊಂದು ಹೆದರಿಕೆ ಇದಕ್ಕಿಂತ ದೊಡ್ಡದು. ಹೃದಯದ ಡಾಕ್ಟರು ಮೊದಲ ದಿನವೇ ಹೇಳಿದ್ದರು, "ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಈ ಕವಾಟದ ಮೇಲೆ ಕೂತುಬಿಡ್ತವೆ. ಕೂತ ಮೇಲೆ ಎಬ್ಬಿಸುವುದು ಕಷ್ಟ. ಅವಕ್ಕೆ ಹತ್ತಿರದ ದಾರಿ ಬಾಯಿ. ಹಲ್ಲು ಜಾಗ್ರತೆ ಮಾಡಿ." ಅಂದಿನಿಂದ ನಾನು ಹಲ್ಲುಜ್ಜುವ ಶ್ರದ್ಧೆಯನ್ನು ಕಂಡು ಸ್ಟಾಫ್ ರೂಮಿನಲ್ಲಿ ನಗದವರಿಲ್ಲ. ನಗಲಿ ಎಂದು ಬಿಟ್ಟಿದ್ದೇನೆ, ಕವಾಟ ಅವರದ್ದಲ್ಲವಲ್ಲ.

ಇಷ್ಟು ಜಾಗ್ರತೆ ಮಾಡಿದರೂ ಮದುವೆಯಾದ ಹೊಸತರಲ್ಲಿ ಕೆಳಗಿನ ಒಂದು ದವಡೆಹಲ್ಲು ಹುಳುಕು ಹಿಡಿಯಿತು. ನೋವೆಂದರೆ ತಲೆ ಸಿಡಿದುಹೋಗುವಂಥ ನೋವು. ಉಡುಪಿಯಲ್ಲಿ ಆಗ ಇದ್ದು ಈಗ ಮುಚ್ಚಿಹೋಗಿರುವ ಒಂದು ಕ್ಲಿನಿಕ್ಕಿನಲ್ಲಿ, ಮೊದಲೇ ಆ್ಯಂಟಿಬಯಾಟಿಕ್ ನುಂಗಿಸಿ, ರೂಟ್ ಕೆನಾಲ್ ಮಾಡಿದರು. ಹಲ್ಲಿನ ಬೇರಿನೊಳಗಿನ ನರವನ್ನು ತೆಗೆದು, ಖಾಲಿಯಾದ ನಾಳವನ್ನು ಯಾವುದಾದರೊಂದು ವಸ್ತುವಿನಿಂದ ತುಂಬಿ, ಮೇಲೆ ಕ್ಯಾಪ್ ಹಾಕುವುದು ಕ್ರಮ. ಅಲ್ಲಿಯ ಡಾಕ್ಟರಿಗೆ ಹೊಸತೆಂದರೆ ಹುರುಪು. "ಎಲ್ಲರೂ ಇಲ್ಲಿಗೆ ಮರದ ಅಂಟು ತುಂಬಿಸ್ತಾರೆ. ನಾನು ನಿಮಗೆ ಹೊಸ ಪಾಲಿಮರ್ ಹಾಕಿದ್ದೇನೆ. ಹಲ್ಲಿಗೆ ಅಂಟಿ ಹಲ್ಲೇ ಆಗಿಬಿಡ್ತದೆ," ಎಂದರು. ವಿಜ್ಞಾನ ಓದಿದವಳಾದ್ದರಿಂದ ನನಗೂ ಹೊಸತೆಂದರೆ ಇಷ್ಟವೇ. "ಇನ್ನು ಇದು ಸತ್ತ ಹಲ್ಲು, ನೋವಿನ ಮಾತೇ ಇಲ್ಲ," ಎಂದೂ ಹೇಳಿದರು. ನಾನು ಅವರಿಗೆ ಕೈಮುಗಿದು ಬಂದೆ. ಹೇಳಿದಂತೆಯೇ ಆ ಹಲ್ಲು ಮುಂದೆ ಒಂದು ದಿನವೂ ನೋಯಲಿಲ್ಲ, ಕೆಲವು ಕಾಲದ ಮೇಲೆ ಅದು ನನಗೆ ಮರೆತೇಹೋಯಿತು.

ಕಳೆದ ಮಳೆಗಾಲದಲ್ಲಿ ಜ್ವರ ಬಂತು. ದೊಡ್ಡ ಜ್ವರವಲ್ಲ. ಸಂಜೆಯಾಗುತ್ತಿದ್ದಂತೆ ಮೈ ಬಿಸಿ, ಸ್ವಲ್ಪ ನಡುಕ, ಬೆಳಿಗ್ಗೆ ಬೆವರಿ ಇಳಿಯುವುದು. ಮನೆ ಹತ್ತಿರದ ಡಾಕ್ಟರು ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟರು. ಮಾತ್ರೆ ತಿನ್ನುವಷ್ಟು ದಿನ ಜ್ವರ ಹೋಯಿತು, ನಿಲ್ಲಿಸಿದ ಮೇಲೆ ತಿರುಗಿ ಬಂತು. ಆಗ ನಾನು ಹೆದರಿದೆ. ಹೋಗಿ ಬರುವ ಜ್ವರದ ಬಗ್ಗೆಯೇ ಹೃದಯದ ಡಾಕ್ಟರು ಎಚ್ಚರಿಸಿದ್ದು. ಅಮ್ಮ ಅಷ್ಟರಲ್ಲಿ ಬಂದಾಗಿತ್ತು. ಬೆಳಿಗ್ಗೆ ನನ್ನ ತಲೆ ಬಾಚಲು ಕೂತವಳು ಮೂಗು ಮುರಿದು ಏನೋ ಹೇಳಿದಳು. ನಾನು ಸಿಡುಕಿ, "ಬಾಚುವುದಾದರೆ ಬಾಚು, ಇಲ್ಲವಾದರೆ ಬಿಡು," ಎಂದೆ. ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು.

ನೇರ ಮಣಿಪಾಲಕ್ಕೆ, ಹೃದಯದ ಡಾಕ್ಟರ ಬಳಿಗೆ ಹೋಗಲು ಧೈರ್ಯವಾಗದೆ, ಆ ದಿನವೇ ಉಡುಪಿಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿದ್ದ ಕಿರಿಯ ಡಾಕ್ಟರು ಘಟ್ಟದ ಮೇಲಿನವರು, ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮಲ್ಲಿ ಮಳೆಗಾಲದ ಜ್ವರವೆಂದರೆ ಇಲಿಜ್ವರ, ಇಲ್ಲವಾದರೆ ಡೆಂಗಿ. ಅವೆರಡಕ್ಕೂ ರಕ್ತ ತೆಗೆದರು. ಕವಾಟದ ವಿಷಯ ಹೇಳಿದೆ. ತಲೆ ಅಲ್ಲಾಡಿಸಿ, "ಗಂಟಲು ನೋವು ಇದೆಯಾ? ಉರಿಮೂತ್ರ? ಎಲ್ಲಾದರೂ ಗಾಯ, ನೋವು?" ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಸುಳ್ಳಲ್ಲ. ನನಗೆ ಎಲ್ಲಿಯೂ ನೋವಿರಲಿಲ್ಲ.

ಅಮ್ಮನಿಗೆ ಕನ್ನಡ ಬರುತ್ತದೆ. ಬ್ಯಾಂಕಿನಲ್ಲಿ, ದೇವಸ್ಥಾನದಲ್ಲಿ, ಟಿವಿಯ ಎದುರು ಚೆನ್ನಾಗಿಯೇ ಬರುತ್ತದೆ. ಆದರೆ ಗಾಬರಿಯಾದರೆ ಅವಳ ಕನ್ನಡದೊಳಗೆ ತುಳು ನುಗ್ಗುತ್ತದೆ. ಅವಳು ಮುಂದೆ ಬಾಗಿ ಹೇಳಿದಳು:

"ಡಾಕ್ಟ್ರೇ, ಇವಳ ಕೂಲಿ ಸರಿ ಇಲ್ಲ. ಅದನ್ನೊಮ್ಮೆ ನೋಡಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅಮ್ಮಾ, ಕೂಲಿ ವಿಚಾರ ನಾವೇನು ಮಾಡಕ್ಕಾಗತ್ತೆ? ವಾಸಿಯಾಗೋವರೆಗೂ ರಜೆ ಹಾಕ್ಲಿ, ಸರ್ಟಿಫಿಕೇಟ್ ಕೊಡ್ತೀನಿ."

"ರಜೆ ಎಂತಕ್ಕೆ ಮಾರಾಯ್ರೆ? ಕೂಲಿಗೆ ಆಗಲೇ ಕ್ಯಾಪ್ ಹಾಕಿಸಿ ಆಗಿದೆ. ಈಗ ಅದರ ಒಳಗಿಂದ ನಾತ ಬರ್ತಾ ಉಂಟು!"

ಅವರ ಮುಖ ನೋಡಬೇಕಿತ್ತು. ಕಾಲೇಜಿನ ಮೇಡಮ್ಮಿಗೆ ಎಲ್ಲಿಯ ಕೂಲಿ, ಕೂಲಿಗೆ ಎಲ್ಲಿಯ ಕ್ಯಾಪು, ಅದು ನಾರುವುದು ಹೇಗೆ ಎಂದು ಅವರಿಗೆ ತಲೆಬುಡ ತಿಳಿಯಲಿಲ್ಲ. ಜ್ವರ ಮಗಳಿಗೋ ತಾಯಿಗೋ ಎಂಬ ಸಂಶಯವೂ ಬಂದಿರಬೇಕು. ನಾನು ಜ್ವರದಲ್ಲೂ ಜೋರಾಗಿ ನಕ್ಕೆ. "ಸರ್, ತುಳುವಿನಲ್ಲಿ ಕೂಲಿ ಎಂದರೆ ಹಲ್ಲು," ಎಂದೆ. ಹಾಗೆ ಹೇಳಿದ್ದೇ ತಡ, ನನ್ನ ನಗು ನಿಂತಿತು. ಹಲ್ಲು. ಅಮ್ಮ ಬೆಳಿಗ್ಗೆ ಮೂಗು ಮುರಿದು ಹೇಳಿದ್ದು ಅದನ್ನೇ. ನೋಯುವ ಜಾಗವನ್ನೆಲ್ಲ ನಾನು ಹುಡುಕಿದ್ದೆ, ನೋಯಲಾರದ ಜಾಗ ಒಂದಿದೆ ಎಂದು ಹೊಳೆದಿರಲಿಲ್ಲ. ಡಾಕ್ಟರಿಗೂ ಆ ಕ್ಷಣದಲ್ಲೇ ಅರ್ಥವಾಯಿತು. ಅವರ ಮುಖದ ಬಣ್ಣ ಇಳಿದುದನ್ನು ನಾನು ಕಂಡೆ. ಡಾಕ್ಟರೊಬ್ಬರು ಹೆದರಿದ್ದನ್ನು ಕಂಡರೆ ರೋಗಿಗೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಕು. "ಈಗಲೇ ಮಣಿಪಾಲಕ್ಕೆ ಹೋಗಿ. ನಿಮ್ಮ ಹೃದಯದ ಡಾಕ್ಟರಿಗೆ ನಾನು ಫೋನ್ ಮಾಡ್ತೀನಿ," ಎಂದರು.

ಮಣಿಪಾಲದಲ್ಲಿ ಒಳಗೆ ಸೇರಿಸಿಕೊಂಡರು. ಎರಡೂ ಕೈಗಳಿಂದ ಮತ್ತೆ ಮತ್ತೆ ರಕ್ತ ತೆಗೆದು ಬಾಟಲಿಗಳಿಗೆ ತುಂಬಿದರು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಆ ಬಾಟಲಿಯಲ್ಲಿ ಬೆಳೆಯುತ್ತದೆ, ಬೆಳೆಯಲು ದಿನಗಳು ಬೇಕು. "ನೀವು ಮೊದಲೇ ಆ್ಯಂಟಿಬಯಾಟಿಕ್ ತಿಂದಿದ್ದೀರಿ. ಏನೂ ಬೆಳೆಯದಿದ್ದರೂ ಏನೂ ಇಲ್ಲ ಅಂತ ಹೇಳಲಿಕ್ಕೆ ಆಗುವುದಿಲ್ಲ," ಎಂದು ಹೃದಯದ ಡಾಕ್ಟರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದರಿಂದಲೇ ಇನ್ನಷ್ಟು ಹೆದರಿಕೆಯಾಯಿತು. ಕೈಗೆ ಸೂಜಿ ಚುಚ್ಚಿ ಔಷಧ ಹರಿಸಲು ಶುರು ಮಾಡಿದರು. ಮಂಚದ ಮೇಲೆ ಮಲಗಿ ನಾನು ಕವಾಟದ ಸದ್ದನ್ನೇ ಕೇಳುತ್ತಿದ್ದೆ. ನಿನ್ನೆಯಂತೆಯೇ ಇದೆಯೇ, ಸ್ವಲ್ಪ ಮಂದವಾಯಿತೇ, ಒಂದು ಬಡಿತ ತಪ್ಪಿತೇ? ಬೇಡ ಎಂದರೂ ಕಿವಿ ಅಲ್ಲಿಗೇ ಹೋಗುತ್ತಿತ್ತು. ಅಮ್ಮ ಅಂಬಲಪಾಡಿಯ ದೇವಸ್ಥಾನಕ್ಕೆ ಹೂವಿನ ಪೂಜೆಯ ಹರಕೆ ಹೇಳಿಕೊಂಡಳು. ದೇವರ ವಿಷಯದಲ್ಲಿ ಅಮ್ಮನೊಂದಿಗೆ ವಾದ ಮಾಡುವವಳು ನಾನು, ಆ ದಿನ ಬಾಯಿ ಮುಚ್ಚಿಕೊಂಡು, ನನ್ನ ಹೆಸರಿನಲ್ಲೂ ಒಂದು ಹೇಳಿಕೊ ಎಂದೆ.

ಹಲ್ಲನ್ನು ನೋಡಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಕಾರ್ಕಳದಲ್ಲಿ ಎರಡು ವರ್ಷ ನನ್ನ ತರಗತಿಯಲ್ಲಿ ಕೂತವನು, ಈಗ ದಂತವೈದ್ಯನಾಗಿ ಇಲ್ಲಿಯೇ ಎಂ.ಡಿ.ಎಸ್. ಮಾಡುತ್ತಿದ್ದಾನೆ. "ಮೇಡಂ, ನೀವಾ!" ಎಂದು ಖುಷಿಪಟ್ಟ. ಎಕ್ಸ್‌ರೇ ತೆಗೆದ ಮೇಲೆ ಆ ಖುಷಿ ಕಾಣಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ತುಂಬಿಸಿದ ನಾಳ ಬೇರಿನ ತುದಿಯವರೆಗೆ ಬೆಳ್ಳಗೆ ಗೆರೆ ಎಳೆದಂತೆ ಕಾಣಬೇಕಂತೆ. ನನ್ನದು ಮೇಲೆ ಮಸುಕಾಗಿ ತೊಡಗಿ ಅರ್ಧಕ್ಕೇ ಅಳಿಸಿಹೋಗಿತ್ತು. ಬೇರಿನ ತುದಿಯ ಸುತ್ತ ಮೂಳೆಯೊಳಗೆ ಕಪ್ಪು ನೆರಳು.

"ತುಂಬಿಸಿದ್ದು ಎಲ್ಲಿ ಹೋಯಿತು?" ಎಂದು ಕೇಳಿದೆ.

ಅವನು ಕ್ಲಿನಿಕ್ಕಿನ ಡಾಕ್ಟರು ಏನು ಹಾಕಿದ್ದರು ಎಂದು ವಿಚಾರಿಸಿದ. ಹೊಸ ಪಾಲಿಮರ್ ಎಂದಾಗ ಪರದೆಯನ್ನು ಮತ್ತೊಮ್ಮೆ ನೋಡಿದ. ಆಮೇಲೆ, "ನಿಮಗೆ ಹೇಗೆ ಹೇಳುವುದು ಮೇಡಂ, ನೀವೇ ನಮಗೆ ಕಲಿಸಿದ್ದು. ಕಿಣ್ವ," ಎಂದ.

ಕಿಣ್ವ ನನ್ನ ಮೆಚ್ಚಿನ ಪಾಠ. ಪ್ರತಿ ವರ್ಷ ಒಂದು ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ ಒಯ್ದು ಎಲ್ಲರ ಬಾಯಿಗೂ ಒಂದೊಂದು ತುತ್ತು ಹಾಕಿಸುತ್ತೇನೆ. ನುಂಗಬೇಡಿ, ಅಗಿಯುತ್ತಲೇ ಇರಿ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಅನ್ನ ಸಿಹಿಯಾಗುತ್ತದೆ. ಉಗುಳಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿತು ನೋಡಿ, ಯಾರನ್ನೂ ಕೇಳದೆ, ಬೆಂಕಿಯಿಲ್ಲದೆ, ಸದ್ದಿಲ್ಲದೆ ಎಂದು ವಿವರಿಸುತ್ತೇನೆ. ಹುಡುಗರ ಮುಖ ಅರಳುತ್ತದೆ.

"ಉಗುಳಿನ ಕಿಣ್ವ ಒಡೆಯುವುದು ಪಿಷ್ಟವನ್ನು. ಪ್ಲಾಸ್ಟಿಕ್ಕನ್ನಲ್ಲ," ಎಂದೆ. ತರಗತಿಯಲ್ಲಿ ಕೇಳುವ ಧ್ವನಿಯಲ್ಲೇ ಹೇಳಿದೆ.

"ಬಾಯಿಯಲ್ಲಿ ಅದೊಂದೇ ಇರುವುದಲ್ಲ ಮೇಡಂ. ಈ ಪಾಲಿಮರಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸುವಂಥ ಕಿಣ್ವಗಳೂ ಉಗುಳಿನಲ್ಲಿ ಉಂಟು. ಬ್ಯಾಕ್ಟೀರಿಯಾಗಳೂ ಅಂಥದ್ದನ್ನು ಮಾಡ್ತವೆ. ಕ್ಯಾಪಿನ ಅಂಚಿನಲ್ಲಿ ಸಂದು ಬಿದ್ದರೆ ಸಾಕು, ಇಳಿದುಹೋಗ್ತದೆ. ತುಂಬಿಸಿದ್ದು ಕರಗಿದ ಹಾಗೆ ಅವಕ್ಕೆ ಒಳಗೆ ಜಾಗ ಆಗ್ತದೆ. ಎಲ್ಲರಿಗೂ ಹಾಗಾಗ್ತದೆ ಅಂತ ಅಲ್ಲ. ಆದರೂ ಈಗ ಅದನ್ನು ಯಾರೂ ಹಾಕುವುದಿಲ್ಲ. ನಾವು ತಿರುಗಿ ಮರದ ಅಂಟಿಗೇ ಬಂದಿದ್ದೇವೆ."

ನಾನು ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ ಎನ್ನುವುದು ಸರಿ. ಜ್ವರ ಇಳಿದ ಒಂದು ಮಧ್ಯಾಹ್ನ ಅವನು ಡಾಕ್ಟರ ಒಪ್ಪಿಗೆ ಪಡೆದು ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತನ್ನ ಲ್ಯಾಬಿಗೆ ಕರೆದೊಯ್ದ. ಈ ವಿಷಯದ ಮೇಲೆಯೇ ಅವನ ಪ್ರಬಂಧವಂತೆ. ಮೈಯ ಬಿಸಿಯಷ್ಟೇ ಬಿಸಿಯಿಟ್ಟ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ಸೀಸೆಗಳು, ಕಿಣ್ವ ಬೆರೆಸಿದ ತಿಳಿನೀರು, ಅದರಲ್ಲಿ ಮುಳುಗಿಸಿಟ್ಟ ಬಿಲ್ಲೆಗಳು. ಒಂದು ಸೀಸೆಯಲ್ಲಿ ಗುಲಾಬಿ ಬಣ್ಣದ ಮರದ ಅಂಟಿನ ಬಿಲ್ಲೆ, ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಪಕ್ಕದ್ದರಲ್ಲಿ ಪಾಲಿಮರಿನದ್ದು. ಅಂಚು ಸವೆದು, ಮೈಯೆಲ್ಲ ಗುಳಿ ಬಿದ್ದು, ಹುಳ ತಿಂದ ಎಲೆಯಂತಾಗಿತ್ತು. ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ ಎಂದ. ಬೇಡ ಎಂದೆ.

ಆ ದಿನದಿಂದ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಬಾಯಿಗೆ ಅನ್ನ ಇಟ್ಟರೆ ಉಗುಳು ಊರುತ್ತದೆ. ಊರಿದ ಉಗುಳು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಈಗ ಗೊತ್ತು. ಕಳ್ಳ ಹೊರಗಿಂದ ಬಂದರೆ ಬಾಗಿಲು ಹಾಕಬಹುದು. ಇದು ನನ್ನದೇ ಬಾಯಿ, ನನ್ನದೇ ಉಗುಳು. ನಾನು ಪಾಠ ಮಾಡುವಾಗ, ನಗುವಾಗ, ಬಸ್ಸಿನಲ್ಲಿ ತೂಕಡಿಸುವಾಗ, ಅದು ಒಂದು ದಿನವೂ ರಜೆ ಹಾಕದೆ ಕೆಲಸ ಮಾಡಿದೆ. ಅದೂ ನಾನು ಮಕ್ಕಳ ಮುಂದೆ ಹೊಗಳಿ ಹೊಗಳಿ ಇಟ್ಟ ಕೆಲಸ. ಉಗುಳನ್ನು ನುಂಗದೆ ಕರವಸ್ತ್ರದಲ್ಲಿ ಒರೆಸಿಕೊಳ್ಳಲು ಶುರು ಮಾಡಿದೆ. ಅಮ್ಮ ಬೈದಳು. "ಉಗುಳು ನುಂಗದೆ ಬದುಕಿದವರು ಯಾರಿದ್ದಾರೆ ಮಗಾ? ತಲೆ ಕೆಟ್ಟಿದೆಯಾ ನಿನಗೆ?" ಕೆಟ್ಟಿತ್ತು. ಹೆದರಿಕೆಯಿಂದ ತಲೆ ಪೂರ್ತಿ ಕೆಟ್ಟಿತ್ತು. ಸಾಯುವುದಕ್ಕಿಂತಲೂ, ಹೇಳದೆ ಕೇಳದೆ ಒಳಗೊಳಗೇ ಮುಗಿದುಹೋಗುವುದನ್ನು ನೆನೆದು ನಾನು ಅತ್ತೆ.

ರಕ್ತದ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ. ಆ ಮಾತಿಗೆ ಎಷ್ಟು ಬೆಲೆ ಎಂದು ಮೊದಲೇ ಹೇಳಿದ್ದರಲ್ಲ. ಗಂಟಲಿನಲ್ಲಿ ನಳಿಕೆ ಇಳಿಸಿ ಕವಾಟವನ್ನು ಹತ್ತಿರದಿಂದ ನೋಡಿದರು. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಎರಡು ಸಲವೂ ಕವಾಟ ಸ್ವಚ್ಛವಾಗಿತ್ತು. "ಹತ್ತಿರ ಬಂದಿತ್ತೋ ಏನೋ, ಕೂತಿಲ್ಲ. ಆದರೆ ಆ ಹಲ್ಲನ್ನು ಹಾಗೇ ಬಿಡುವ ಹಾಗಿಲ್ಲ," ಎಂದರು ಹೃದಯದ ಡಾಕ್ಟರು.

ದಾರಿ ಎರಡಿತ್ತು. ಕ್ಯಾಪ್ ತೆಗೆದು, ಕರಗಿ ಉಳಿದದ್ದನ್ನು ಕೆರೆದು, ಚೊಕ್ಕಟ ಮಾಡಿ, ಮರದ ಅಂಟು ತುಂಬಿಸುವುದು ಒಂದು. ಇಲ್ಲವೇ ಕೀಳುವುದು. ನನ್ನ ವಿದ್ಯಾರ್ಥಿಗೆ ಹಲ್ಲು ಉಳಿಸುವ ಆಸೆ. "ಬೇರು ಗಟ್ಟಿ ಉಂಟು ಮೇಡಂ. ನಮ್ಮ ಪ್ರೊಫೆಸರೂ ಅದನ್ನೇ ಹೇಳಿದರು, ಉಳಿಸಬಹುದು ಅಂತ. ಅಂಟು ಕರಗುವುದಿಲ್ಲ, ನೀವೇ ನೋಡಿದಿರಲ್ವಾ?" ಅಮ್ಮನೂ ಅವನ ಪರವೇ. ಅವಳಿಗೆ ರಕ್ತದ ಹೆದರಿಕೆ. "ಕಿತ್ತ ಮೇಲೆ ರಕ್ತ ನಿಲ್ಲದಿದ್ದರೆ ಎಂತ ಮಾಡುವುದು? ಇದ್ದದ್ದು ಇರಲಿ ಮಗಾ, ಅವ ಹೇಳಿದ ಹಾಗೆ ಕೇಳು."

ಅವರಿಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಆದರೆ ಅವರು ಹೇಳುತ್ತಿದ್ದುದು ನನ್ನ ಪ್ರಶ್ನೆಗೆ ಉತ್ತರವಲ್ಲ. ಅಂಟು ಕರಗದಿರಬಹುದು. ಕ್ಯಾಪಿನ ಸಂದಿನಿಂದ ಬೇರೇನಾದರೂ ಇಳಿದರೆ ಆ ಹಲ್ಲು ನನಗೆ ಹೇಳುತ್ತದೆಯೇ? ಹೇಳುವುದಿಲ್ಲ. ಹೇಳುವ ನರವೇ ಅದರಲ್ಲಿಲ್ಲ. ಉಳಿದವರಿಗೆ ಅದು ಚಿಂತೆಯಲ್ಲ. ನನಗೆ ಮೂಳೆ ಕಪ್ಪಾಗಿ, ಜ್ವರ ಬಂದು, ಅಮ್ಮನ ಮೂಗಿಗೆ ನಾತ ತಾಗಿದ ಮೇಲಷ್ಟೇ ಗೊತ್ತಾಗುವುದಾದರೆ, ಮುಂದಿನ ಸಲ ಅಮ್ಮ ಹತ್ತಿರದಲ್ಲಿರಬೇಕಲ್ಲ? "ಕೀಳು," ಎಂದೆ. ಅವನು ಇನ್ನೇನೋ ಹೇಳಲು ಬಾಯಿ ತೆರೆದ. "ನಾನು ನಿನ್ನ ಮೇಡಂ. ಕೀಳು ಎಂದರೆ ಕೀಳು," ಎಂದು ಜೋರು ಮಾಡಿದೆ.

ಜ್ವರ ಪೂರ್ತಿ ಬಿಟ್ಟು, ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಿ, ಹೃದಯದ ಡಾಕ್ಟರು ಒಪ್ಪಿದ ಮೇಲೆ, ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಮಲಗಿಸಿದರು. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ನೋವೇನೂ ಇರಲಿಲ್ಲ, ಸದ್ದು ಇತ್ತು. ಬೇರು ಮೂಳೆಯಿಂದ ಬಿಡುವ ಸದ್ದು ತಲೆಯೊಳಗೇ ಕೇಳುತ್ತದೆ. ಕಣ್ಣು ಮುಚ್ಚಿಕೊಂಡು ದೇವರ ಹೆಸರು, ಗಂಡನ ಹೆಸರು, ನೆನಪಾದವರ ಹೆಸರನ್ನೆಲ್ಲ ಹೇಳಿದೆ. ಹಲ್ಲು ಬಂದ ಮೇಲೆ ಅವನು ಅದನ್ನು ಬೆಳಕಿಗೆ ಹಿಡಿದು, ಸಣ್ಣ ಕಡ್ಡಿಯೊಂದನ್ನು ಬೇರಿನೊಳಗೆ ತೂರಿಸಿದ. ತಡೆಯೇ ಇಲ್ಲದೆ ಇಳಿಯಿತು. ಕಡ್ಡಿಯ ತುದಿಗೆ ಅಂಟಿ ಬಂದದ್ದು ಒದ್ದೆ ಸೀಮೆಸುಣ್ಣದಂಥ ಬೂದುಬಣ್ಣದ ಹಿಟ್ಟು. ಅದೇ ಆ ಹೊಸ ಪಾಲಿಮರ್.

"ಮೇಡಂ, ಇದನ್ನು ಲ್ಯಾಬಿಗೆ ಇಟ್ಟುಕೊಳ್ಳಲಾ?" ಎಂದು ಸಂಕೋಚದಿಂದ ಕೇಳಿದ.

ಬಾಯಿ ತುಂಬ ಹತ್ತಿಯಿತ್ತು, ತಲೆ ಆಡಿಸಿದೆ. ಇಟ್ಟುಕೊಳ್ಳಲಿ. ನನ್ನ ಬಾಯಿಯಿಂದ ದೂರ ಎಲ್ಲಾದರೂ ಇರಲಿ.

ಹೊಲಿಗೆ ಹಾಕಿ, ಔಷಧದಲ್ಲಿ ಅದ್ದಿದ ಬಟ್ಟೆ ಕಚ್ಚಿಸಿ ಕೂರಿಸಿದರು. ಅಮ್ಮ ಎದುರು ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಳು. ಬಟ್ಟೆ ಕೆಂಪಾಯಿತು, ಬದಲಿಸಿದರು, ಮತ್ತೆ ಕೆಂಪಾಯಿತು. ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೂ ಆಗ ಧೈರ್ಯ ಹೋಯಿತು. ಹಟ ಮಾಡಿ ತಪ್ಪು ಮಾಡಿದೆನೇ, ಈ ಕುರ್ಚಿಯಲ್ಲೇ ರಕ್ತ ಹರಿದು ಮುಗಿದುಹೋಗುತ್ತೇನೆಯೇ ಎನ್ನಿಸಿ, ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದೆ. ಮೂರನೆಯ ಬಟ್ಟೆ ಗುಲಾಬಿಯಾಗಿ ಬಂತು. ಆಮೇಲಿನದ್ದು ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಕಳಿಸಿದರು.

ಮನೆ ತಲುಪಿ ಮಂಚದ ಮೇಲೆ ಒರಗಿದ ಮೇಲೂ ಕೆನ್ನೆ ಮರಗಟ್ಟಿಯೇ ಇತ್ತು. ಹೊರಗೆ ಮಳೆ ನಿಂತು ಬಿಸಿಲು ಬಂದಿತ್ತು. ಅಮ್ಮ ಗಂಜಿ ಆರಿಸುತ್ತಿದ್ದಳು. ಮೊದಲು ತುಟಿಯಲ್ಲಿ ಜುಮ್ ಎಂದಿತು. ಆಮೇಲೆ ಹಲ್ಲಿದ್ದ ಜಾಗದಲ್ಲಿ ಏನೋ ಎದ್ದ ಹಾಗಾಯಿತು. ಸಣ್ಣದಾಗಿ ಶುರುವಾದದ್ದು ನೋಡುನೋಡುತ್ತಿದ್ದಂತೆ ದವಡೆ ಹಿಡಿದು, ಕಿವಿಗೆ ಏರಿ, ಧಗಧಗ ಬಡಿಯತೊಡಗಿತು. ಎಷ್ಟೋ ವರ್ಷಗಳಿಂದ ಬಾಯಿ ಬಿಡದ ಆ ಜಾಗ ಮಾತಾಡುತ್ತಿತ್ತು. ನನ್ನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು.

ಅಮ್ಮ ಬಟ್ಟಲು ಅಲ್ಲೇ ಇಟ್ಟು ಓಡಿಬಂದಳು. "ನೋಯ್ತಾ ಉಂಟಾ? ತುಂಬ ನೋಯ್ತಾ ಉಂಟಾ ಮಗಾ? ತಾಳು, ಮಾತ್ರೆ ಕೊಟ್ಟಿದ್ದಾರೆ, ತರ್ತೇನೆ."

ನಾನು ಅವಳ ಸೆರಗು ಹಿಡಿದು ನಿಲ್ಲಿಸಿದೆ. ಬಾಯಿ ತೆರೆಯಲು ಆಗುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡೇ ಹೇಳಿದೆ.

"ಈಗ ಬೇಡಮ್ಮ. ಸ್ವಲ್ಪ ಹೊತ್ತು ನೋಯಲಿ."